ತುಟಿಯ ಬಣ್ಣ

"ನಿಮ್ಮ ಮನೇಲಿ ಬೇರೆ ಯಾರಿಗಾದ್ರೂ ತುಟಿ ಹೀಗೆ ಕಪ್ಪಗಿದೆಯಾ? ಲೇಸರ್ ಮಾಡೋಕ್ ಮುಂಚೆ ನಮಗೆ ಗೊತ್ತಿರ್ಬೇಕು," ಎಂದು ಡಾಕ್ಟರು ಕೇಳಿದರು.

"ಇಲ್ಲ ಮೇಡಂ, ಯಾರಿಗೂ ಇಲ್ಲ," ಎಂದುಬಿಟ್ಟಳು ಲಾಸ್ಯಾ. ನೋಡಲು ಬಂದಿದ್ದ ಗಂಡಿನ ಅಕ್ಕ "ಸಿಗರೇಟ್ ಸೇದ್ತೀಯೇನಮ್ಮಾ?" ಎಂದು ನಕ್ಕಾಗಿನಿಂದ ಅವಳಿಗೆ ಕನ್ನಡಿ ಕಂಡರಾಗುತ್ತಿರಲಿಲ್ಲ. ಮಗಳ ಸಂಕಟ ನೋಡಲಾರದೆ ತಾಯಿ ಅಂಜಿನಮ್ಮನೇ ತನ್ನ ತರಕಾರಿ ಅಂಗಡಿಯ ಬಾಗಿಲು ಹಾಕಿ, ವಿಚಾರಿಸಿಕೊಂಡು ಮಲ್ಲೇಶ್ವರದ ಈ ಕ್ಲಿನಿಕ್ಕಿಗೆ ಕರೆತಂದಿದ್ದಳು. ಈಗ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಿದ್ದಳು. ಅವಳ ತುಟಿಯೂ ಮಗಳದರಂತೆಯೇ ನೇರಳೆ ಹಣ್ಣಿನ ಬಣ್ಣದ್ದು.

ಡಾಕ್ಟರು ಅತ್ತ ತಿರುಗುವಷ್ಟರಲ್ಲಿ ಅಂಜಿನಮ್ಮ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಕೆಮ್ಮಿದಳು. "ಹೌದು ಮೇಡಂ, ನಮ್ಮಲ್ಲಿ ಯಾರಿಗೂ ಇಲ್ಲ. ನಾನು ಹೊರಗಡೆ ಕೂತಿರ್ತೀನಿ. ನೆಗಡಿಯಾಗಿದೆ, ನಿಮಗೂ ಅಂಟ್ಕೊಂಡ್ಬಿಡುತ್ತೆ."

ಅವಳಿಗೆ ನೆಗಡಿಯೇನೂ ಇರಲಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಮಗಳ ಕೈ ಹಿಡಿದುಕೊಂಡು ಉದ್ದಕ್ಕೂ ಮಾತಾಡುತ್ತಲೇ ಬಂದಿದ್ದಳು. ಅವಳು ಸೆರಗು ಸರಿಸದೆ, ತಲೆ ತಗ್ಗಿಸಿ ಎದ್ದು ಹೋಗುವುದನ್ನು ಲಾಸ್ಯಾ ನೋಡುತ್ತಲೇ ಇದ್ದಳು. ಕಿವಿಯವರೆಗೂ ಮುಖ ಉರಿಯಿತು.

"ನಮ್ಮಮ್ಮಂಗೆ ಇದೆ ಮೇಡಂ," ಎಂದು ಅವಳು ಹೇಳಿದ್ದು ಬಾಗಿಲು ಮುಚ್ಚಿಕೊಂಡ ಮೇಲೆ.