ಭುಜದ ಮೇಲಿನ ಕೈ

"ಹಣೆಗೆ ಚುಚ್ಚಿದ್ದು ಯಾರು?"

ಚರ್ಮದ ಡಾಕ್ಟರು ಮತ್ತೆ ಮತ್ತೆ ಅದನ್ನೇ ಕೇಳುತ್ತಿದ್ದರು. ಕುರ್ಚಿಯಲ್ಲಿ ಕೂತ ಅಕ್ಕ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಒಳಗೆ ಬರುವಾಗಲೇ ಎಡಭುಜವನ್ನು ಬಾಗಿಲ ಚೌಕಟ್ಟಿಗೆ ಬಡಿದುಕೊಂಡಿದ್ದಳು, ಅಷ್ಟು ಗಾಬರಿ. ಅವಳ ಬೆನ್ನಿಗೆ ನಿಂತ ತಂಗಿ ತಲೆಯೆತ್ತಿರಲಿಲ್ಲ.

ಹಣೆಯ ಎಡಭಾಗ ನೋಡುವ ಹಾಗಿರಲಿಲ್ಲ. ಹುಬ್ಬಿನಿಂದ ಕೂದಲಂಚಿನವರೆಗೆ ಚರ್ಮ ಬಿಳಿಚಿಕೊಂಡು, ಅದರ ಮೇಲೆ ನೇರಳೆ ಗೆರೆಗಳು ಬಲೆಯ ಹಾಗೆ ಹರಡಿದ್ದವು. ಡಾಕ್ಟರು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಹೋದ ಬಣ್ಣ ತಿರುಗಿ ಬರಲಿಲ್ಲ. ಸುಕ್ಕು ತುಂಬಲೆಂದು ಹಾಕಿದ ಫಿಲ್ಲರ್ ರಕ್ತನಾಳದೊಳಕ್ಕೇ ಹೋಗಿ ಕೂತಿದೆ. ಅನುಮಾನವೇ ಇಲ್ಲ.

"ಯಾವುದೋ ಪಾರ್ಲರ್ ಡಾಕ್ಟ್ರೇ. ನೆನಪಿಲ್ಲ," ಎಂದಳು ಅಕ್ಕ ಕೊನೆಗೆ.

"ಬೆಳಿಗ್ಗೆ ಹೋಗಿದ್ದು ಮಧ್ಯಾಹ್ನಕ್ಕೆ ಮರೆತುಹೋಯ್ತಾ? ಭಲೇ ನೆನಪು ಕಣಮ್ಮಾ ನಿಮ್ಮದು!"

ಈ ಡಾಕ್ಟರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ನರ್ಸ್‌ಗಳು ಬೆನ್ನ ಹಿಂದೆ ಅವರನ್ನು ಸಿಡಿಮದ್ದು ಎನ್ನುತ್ತಿದ್ದರು. ಕೈಗುಣ ಮಾತ್ರ ಚಿನ್ನ. ಅರೆಬರೆ ಕಲಿತು ಸಿರಿಂಜ್ ಹಿಡಿಯುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು.

"ಕೇಳಿಸ್ಕೊಳ್ಳಿ," ಎಂದು ಗುಡುಗಿದರು. "ಹಣೆಯ ನಾಳಕ್ಕೂ ಕಣ್ಣಿನ ನಾಳಕ್ಕೂ ನಂಟಿದೆ. ಚರ್ಮಕ್ಕಷ್ಟೇ ಆಗಿದ್ರೆ ಇಲ್ಲೇ ಕರಗಿಸಿ ಸರಿಮಾಡ್ತೀನಿ. ಕಣ್ಣಿಗೂ ಹೋಗಿದ್ರೆ ಈಗಿಂದೀಗ್ಲೇ ಕಣ್ಣಿನ ಆಸ್ಪತ್ರೆಗೆ ಓಡ್ಬೇಕು. ತಡವಾದ್ರೆ ಕಣ್ಣು ಹೋಯ್ತು ಅಂತಲೇ ಲೆಕ್ಕ. ಆಗ ಅದು ಪೊಲೀಸ್ ಕೇಸು. ಚುಚ್ಚಿದವರು ಯಾರೇ ಆಗ್ಲಿ, ಜೈಲಿಗೆ ಕಳಿಸದೆ ನಾನು ಬಿಡೋನಲ್ಲ."

ತಂಗಿ ಬಿಕ್ಕಿದಳು. ಡಾಕ್ಟರು ಕೈ ತೊಳೆಯಲು ತಿರುಗಿದರು. ಬೆನ್ನ ಹಿಂದೆ ಪಿಸುಪಿಸು. ಆಮೇಲೆ ಅಕ್ಕನ ದನಿ: "ಇಲ್ಲೇ ನಿಂತ್ಕೋ ಪುಟ್ಟಿ. ನಂಗೆ ಭಯ."

ಅವರು ಈ ಕಡೆ ತಿರುಗುವಷ್ಟರಲ್ಲಿ ತಂಗಿಯ ಕೈ ಅಕ್ಕನ ಭುಜದ ಮೇಲಿತ್ತು. ಆ ಕೈಯಿಂದ ಪಾರ್ಲರ್ ಕ್ರೀಮಿನ ವಾಸನೆ ಬರುತ್ತಿತ್ತು. ಓಹೋ! ಚುಚ್ಚಿದವಳು ಇವಳೇ. ಈಗ ಅಕ್ಕ ಬಾಯಿಬಿಡದಂತೆ ಭುಜ ಅದುಮಿ ನಿಂತಿದ್ದಾಳೆ. ಎಂಥ ಎದೆಗಾರಿಕೆ ಇವಳದು ಎಂದು ಡಾಕ್ಟರು ಹಲ್ಲು ಕಡಿದರು.

ಅಕ್ಕನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಇನ್ನೊಂದು ಕೈ ಎತ್ತಿದರು.

"ಎಡಗಣ್ಣಲ್ಲಿ ನೋಡಿ. ಎಷ್ಟು ಬೆರಳು?"

"ಎರಡು."

"ಈಗ?"

ಸ್ವಲ್ಪ ತಡೆದು, "ನಾಲ್ಕು."

"ಈಗ?"

"ಒಂದು."

ಅಬ್ಬಾ! ಡಾಕ್ಟರಿಗೆ ಹೋದ ಜೀವ ಬಂದಂತಾಯಿತು. ಪಾಪೆ ನೋಡಲೆಂದು ತೆಗೆದಿದ್ದ ಟಾರ್ಚ್ ಹಾಗೇ ಜೇಬಿಗಿಳಿಯಿತು. ಕಣ್ಣೇನೋ ಕೆಂಪಾಗಿತ್ತು, ಅತ್ತಿದ್ದಾಳಲ್ಲ. ಬೆರಳು ಕಾಣುತ್ತಿರುವಾಗ ಇನ್ನೇನು ಬೇಕು? ಈಗ ಉಳಿಸಬೇಕಾದದ್ದು ಚರ್ಮ.

"ಪರವಾಗಿಲ್ಲ, ಲೆಕ್ಕದಲ್ಲಿ ಜಾಣೆ ನೀವು," ಎಂದರು.

"ಇವಳಿಗೂ ನಾನೇ ಕಲಿಸಿದ್ದು ಡಾಕ್ಟ್ರೇ. ಅಮ್ಮ ಹೋದಾಗ ಇನ್ನೂ ತೊಟ್ಟಿಲಲ್ಲಿದ್ಲು. ತಟ್ಟಿ ಮಲಗಿಸ್ತಾ ಒಂದು, ಎರಡು ಅಂತ ಎಣಿಸ್ತಿದ್ದೆ. ಹಾಗೇ ಕಲಿತ್ಲು."

ತಂಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳಲಿ, ಅಳಬೇಕಾದ್ದೇ ಎಂದುಕೊಂಡರು ಡಾಕ್ಟರು.

ಫಿಲ್ಲರ್ ಕರಗಿಸುವ ಔಷಧವನ್ನು ಹಣೆಯುದ್ದಕ್ಕೂ ಚುಚ್ಚಿದರು. ತಿಕ್ಕಿದರು, ಬಿಸಿ ಬಟ್ಟೆ ಒತ್ತಿದರು, ಕಾದರು, ಮತ್ತೆ ಚುಚ್ಚಿದರು. ಅಕ್ಕ ಹಲ್ಲುಕಚ್ಚಿ ಸಹಿಸಿದಳು. ನಡುವೆ ನರ್ಸ್ ನೀರು ಕೊಟ್ಟಾಗ ಅವಳ ಕೈ ಲೋಟದ ಈಚೆಗೇ ಗಾಳಿಯಲ್ಲಿ ಮುಚ್ಚಿಕೊಂಡಿತು. ಪಾಪ, ನೋವಿಗೆ ಕೈಯೂ ಹಿಡಿತದಲ್ಲಿಲ್ಲ ಎಂದು ನರ್ಸ್ ತಾನೇ ಕುಡಿಸಿದಳು.

"ಡಾಕ್ಟ್ರೇ, ಒಂದು ಮಾತು ಹೇಳ್ಬೇಕು," ಎಂದಳು ತಂಗಿ ಇದ್ದಕ್ಕಿದ್ದಂತೆ.

"ಸುಮ್ನಿರೇ!" ಅಕ್ಕ ಗದರಿದಳು. ಇಷ್ಟು ಹೊತ್ತು ಮೆತ್ತಗಿದ್ದ ದನಿ ಅದಲ್ಲ.

"ಏನು ಹೇಳ್ತೀಯ ಅಂತ ಗೊತ್ತಿದೆ ಕಣಮ್ಮಾ," ಎಂದು ಡಾಕ್ಟರೂ ರೇಗಿದರು. "ನಿನ್ನ ತಪ್ಪೊಪ್ಪಿಗೆ ಕೇಳೋಕೆ ಈಗ ಪುರುಸೊತ್ತಿಲ್ಲ. ಆ ಬಟ್ಟೆ ಬಿಸಿ ಮಾಡ್ಕೊಂಡು ಬಾ."

ತಂಗಿ ಬಟ್ಟೆ ಎತ್ತಿಕೊಂಡು ಹೋದಳು.

ಸಂಜೆಯ ಹೊತ್ತಿಗೆ ನೇರಳೆ ಬಲೆ ಮಾಸಿತು. ಡಾಕ್ಟರು ಒತ್ತಿ ಬಿಟ್ಟಾಗ ಚರ್ಮ ಮೆಲ್ಲಗೆ ಕೆಂಪೇರಿತು. ಅವರು ಕುರ್ಚಿಗೊರಗಿ ಬಹಳ ಹೊತ್ತಿನ ಮೇಲೆ ನಕ್ಕರು.

"ಗೆದ್ವಿ ಅಮ್ಮಾ. ಸಣ್ಣ ಕಲೆ ಉಳಿದರೂ ಉಳೀಬಹುದು, ಅಷ್ಟೇ. ಕಣ್ಣಿಗೆ ಏನೂ ಆಗಿಲ್ಲ ಅಂತ ಕೇಸು ಬರೀತಾ ಇಲ್ಲ. ನಿಮ್ಮ ತಂಗಿ ಬಚಾವಾದ್ಲು."

"ಅಷ್ಟು ಸಾಕು ಡಾಕ್ಟ್ರೇ," ಎಂದಳು ಅಕ್ಕ. ಅವಳ ಕಣ್ಣಿಂದ ನೀರು ಇಳಿಯಿತು. "ನನಗೆ ಅವಳು ಬಿಟ್ರೆ ಇನ್ಯಾರೂ ಇಲ್ಲ."

ತಂಗಿ ಮಾತ್ರೆ ತರಲು ಹೋಗಬೇಕಿತ್ತು. ಚೀಟಿ ಕೈಯಲ್ಲಿ ಹಿಡಿದು ಅಕ್ಕನ ಭುಜ ಬಿಡದೆ ನಿಂತಳು.

"ಹೋಗಮ್ಮಾ! ನಿಮ್ಮಕ್ಕ ಎಲ್ಲೂ ಓಡಿಹೋಗಲ್ಲ," ಎಂದು ಡಾಕ್ಟರು ಸಿಡುಕಿದ ಮೇಲೆ ಹೋದಳು.

ಮನೆಗೆ ಕಳಿಸುವ ಮುನ್ನ ಕೊನೆಯದಾಗಿ ಒಂದು ಸಲ ನೋಡಿಬಿಡೋಣವೆಂದು ಡಾಕ್ಟರು ಮತ್ತೆ ಅವಳ ಬಲಗಣ್ಣು ಮುಚ್ಚಿದರು. ಮೂರು ಬೆರಳು ಎತ್ತಿದರು.

"ಎಷ್ಟು?"

ಅಕ್ಕನ ಕೈ ಮೆಲ್ಲಗೆ ಮೇಲೆದ್ದು, ಖಾಲಿ ಭುಜದ ಮೇಲೆಲ್ಲ ತಡಕಾಡಿತು.

"ಸ್ವಲ್ಪ ತಾಳಿ ಡಾಕ್ಟ್ರೇ," ಎಂದಳು. "ತಂಗಿ ಬರ್ಲಿ, ಹೇಳ್ತೀನಿ."