ನಲವತ್ತು ಬಾಗಿಲು

"ಹೊಸ್ತಿಲ ಹತ್ರ ಜೋಪಾನ, ಹ್ಯೂಬರ್ಟ್. ಎಡಗಡೆ ಪೆಡಲು ಸಡಿಲ ಇದೆ," ಎಂದರು ಅಲೀಡಾ ಬ್ರಿಂಕ್.

ಹ್ಯೂಬರ್ಟ್ ವೀನ್‌ಸ್ಟ್ರಾ ತಲೆ ಎತ್ತಲಿಲ್ಲ. ಆರ್ಗನ್ನಿನ ಹಿಂದಿನ ಮೂಲೆ ಅವನ ಕೈಯಲ್ಲಿತ್ತು. ಮೂವತ್ತೊಂದು ವರ್ಷ ಅಲೀಡಾ ನುಡಿಸಿದ ಆರ್ಗನ್ ಅದು. ನಾಲ್ವರ ಕೈಮೇಲೆ ಚರ್ಚಿನ ಮೆಟ್ಟಿಲಿಳಿದು ಅಂಗಳಕ್ಕೆ ಬಂತು. ಕೊಂಡವರ ಲಾರಿ ಹನ್ನೊಂದಕ್ಕೆ ಹೊರಡುವುದಿತ್ತು. ಈಗ ಹತ್ತೂವರೆ. ಹ್ಯೂಬರ್ಟ್ ಬಾಯಿ ಬಿಡುವುದಿದ್ದರೆ ಈ ಅರ್ಧ ಗಂಟೆಯೊಳಗೆ ಬಿಡಬೇಕು. ಲಾರಿ ಹೋದ ಮೇಲೆ ಬಿಟ್ಟ ಬಾಯಿಗೆ ನೊಣ ಹೊಕ್ಕೀತು, ಅಷ್ಟೆ.

ಎಲ್ಲ ಶುರುವಾದದ್ದು ಹೋದ ಚಳಿಗಾಲದಲ್ಲಿ. ಮಿಶಿಗನ್ನಿನ ಈ ಊರಿಗೆ ಆಗಷ್ಟೇ ಬಂದಿದ್ದ ಪಾಸ್ಟರ್ ಡೈಕೆಮಾ ಅವರಿಗೆ ಒಂದೇ ಕೊರಗು. ಊರಲ್ಲಿ ದೇವರನ್ನು ನಂಬದವರು ಬೇಕಾದಷ್ಟಿದ್ದಾರೆ, ಒಬ್ಬರೂ ಒಳಗೆ ಕಾಲಿಡುವುದಿಲ್ಲ. ಅವರನ್ನೇ ಕೇಳೋಣ, ಅವರಿಗೆ ಅಡ್ಡಿಯಾದದ್ದನ್ನು ತೆಗೆದುಬಿಡೋಣ ಎಂದರು. ಎಂಟು ಮಂದಿಯನ್ನು ಆರಿಸಿದರು. ಹ್ಯೂಬರ್ಟ್, ಅಲೀಡಾ, ಇನ್ನಾರು ಜನ. ಒಬ್ಬೊಬ್ಬರಿಗೆ ಒಂದೊಂದು ಬೀದಿ, ನಲವತ್ತು ಮನೆ, ನಲವತ್ತು ಹಾಳೆ. ಹಾಳೆಯ ಮೇಲೆ ಒಂದೇ ಪ್ರಶ್ನೆ: ನೀವು ಚರ್ಚಿಗೆ ಯಾಕೆ ಬರುವುದಿಲ್ಲ?

ನಮ್ಮ ಚರ್ಚಿನವರು ಎಂಥವರೆಂದರೆ, ಪಕ್ಕದ ಮನೆಯಂಗಳದ ಹಿಮವನ್ನು ಬೆಳಗಾಗುವುದರೊಳಗೆ ಬಾಚಿ ಕೊಟ್ಟಾರು, ಕಾಯಿಲೆಯೆಂದರೆ ಒಂದು ವಾರ ಅಡುಗೆ ಮಾಡಿ ಹೊತ್ತು ತಂದಾರು. ಆದರೆ ಗುರುತಿಲ್ಲದವರ ಬಾಗಿಲು ತಟ್ಟಿ ದೇವರ ಮಾತೆತ್ತು ಎಂದರೆ ಜೀವ ಬಾಯಿಗೆ ಬರುತ್ತದೆ.

ಹ್ಯೂಬರ್ಟ್ ಒಂದು ಬಾಗಿಲು ತಟ್ಟಿದ. ನೋರೀನ್ ಪ್ರೂಯಿಟ್ ಎಂಬ ನರ್ಸಮ್ಮನ ಮನೆ.

"ನಾನು ನಂಬೋದಿಲ್ಲಪ್ಪ," ಎಂದಳು ಆಕೆ. "ಆದ್ರೆ ಭಾನುವಾರ ನಿಮ್ಮ ಆರ್ಗನ್ ಕೇಳ್ಸುತ್ತಲ್ಲ, ಎಷ್ಟೇ ಚಳಿ ಇರ್ಲಿ, ಅಡುಗೆಮನೆ ಕಿಟಕಿ ತೆಗೀತೀನಿ. ಯಾವತ್ತೋ ಒಂದಿನ ಒಳಗೇ ಬಂದು ಕೂತೇನು."

ಅದನ್ನೇ ಹಾಳೆಯ ಮೇಲೂ ಬರೆದುಕೊಟ್ಟಳು. ಹ್ಯೂಬರ್ಟನ ಕಿವಿ ಕಾದುಹೋದವು. ಎರಡನೆಯ ಮನೆಯ ಮುಂದೆ ನಿಂತ, ಕೈ ಮೇಲೇಳಲಿಲ್ಲ. ನೆಟ್ಟಗೆ ಮನೆಗೆ ಬಂದು, ಊಟದ ಮೇಜಿನ ಮೇಲೆ ಉಳಿದ ಮೂವತ್ತೊಂಬತ್ತು ಹಾಳೆ ಹರವಿಕೊಂಡು, ನಾಲ್ಕು ಬಣ್ಣದ ಪೆನ್ನು ಹಿಡಿದು ಕೂತ. ಕೆಲವನ್ನು ಎಡಗೈಯಲ್ಲಿ ಬರೆದ. ನಂಬದವನು ಏನಂದಾನು? ಆರ್ಗನ್ ಬರೀ ಗೋಳು. ಪಾಸ್ಟರರ ಪ್ರಸಂಗ ಉದ್ದ. ಶಿಲುಬೆ ಕಂಡರೆ ಹೆದರಿಕೆ. ಪೆನ್ನು ಒಂದು ಕಡೆಯೂ ತಡೆಯಲಿಲ್ಲ. ಅವನಿಗೆ ಅದೇ ಹೆಚ್ಚು ನಾಚಿಕೆ.

ನೋರೀನಳ ಹಾಳೆ ಆ ಗುಂಪಿಗೆ ಸೇರಲಿಲ್ಲ. ಅದಿದ್ದರೆ ಉಳಿದವುಗಳ ಮೇಲೆ ಅನುಮಾನ ಬಂದೀತು. ಮಡಚಿ ಕೋಟಿನ ಜೇಬಿಗಿಟ್ಟ. ಒಂದು ಮನೆಗೆ ಬೀಗ ಎಂದು ಹೇಳಿದ.

ಎಲ್ಲರಿಗಿಂತ ಮೊದಲು ಹಾಳೆ ತಂದುಕೊಟ್ಟವನು ಅವನೇ. ಪಾಸ್ಟರ್ ಹಿಗ್ಗಿ ಹೀರೆಕಾಯಿಯಾಗಿ, ಆ ಭಾನುವಾರವೇ ಅವನ್ನು ಸಭೆಯಲ್ಲಿ ಓದಿದರು. ಉಳಿದವರ ಹಾಳೆಗಳೂ ಬಂದ ಮೇಲೆ ಶಿಲುಬೆ ಉಗ್ರಾಣ ಸೇರಿತು. ಕೀರ್ತನೆ ಪುಸ್ತಕಗಳಿದ್ದ ಕಡೆ ಕಾಫಿ ಬಂತು. ವರ್ಷ ಕಳೆದರೂ ನಂಬದವರೊಬ್ಬರೂ ಬರಲಿಲ್ಲ. ಹಾಗಾದರೆ ಆರ್ಗನ್ನೂ ಹೋಗಲಿ ಎಂದಾಯಿತು. ಅಲೀಡಾ ಒಂದು ಮಾತೂ ಎದುರಾಡದೆ ಒಪ್ಪಿದ್ದು ಎಲ್ಲರಿಗೂ ಸೋಜಿಗ.

ಹ್ಯೂಬರ್ಟ್ ಕೈ ಒರೆಸಿಕೊಂಡು ಪಾಸ್ಟರರ ಕೋಣೆಗೆ ಹೋದ. ಹಾಳೆಗಳ ಬಗ್ಗೆ ಒಂದು ಮಾತಿದೆ ಎಂದ. ಅವರು ರಟ್ಟಿನ ಪೆಟ್ಟಿಗೆಯನ್ನೇ ಅವನ ಮುಂದಿಟ್ಟು ತೆರೆದರು. ಪೆಪ್ಪರ್‌ಮೆಂಟಿನ ವಾಸನೆ ಘಮ್ಮೆಂದಿತು. ಪ್ರಸಂಗ ಶುರುವಾದೊಡನೆ ನಮ್ಮವರು ಬೆಂಚಿನುದ್ದಕ್ಕೂ ಕೈಯಿಂದ ಕೈಗೆ ದಾಟಿಸುವ ಅದೇ ಬಿಳಿ ಬಿಲ್ಲೆಗಳ ವಾಸನೆ.

"ನಂಗೂ ಸಂಕಟವೇ ಹ್ಯೂಬರ್ಟ್," ಎಂದರು ಪಾಸ್ಟರ್. "ಆದ್ರೆ ಮುನ್ನೂರ ಹತ್ತೊಂಬತ್ತು ಹಾಳೆ. ಇನ್ನೂರಕ್ಕೂ ಹೆಚ್ಚು ಜನ ಆರ್ಗನ್ ಅಂತಾನೇ ಬರೆದಿದ್ದಾರೆ. ಎಂಟು ಬೀದಿ, ಒಂದೇ ಮಾತು."

ಹ್ಯೂಬರ್ಟನಿಗೆ ಹೋದ ಉಸಿರು ಬಂತು. ಅವನ ಮೂವತ್ತೊಂಬತ್ತು ಸುಳ್ಳಾದರೇನು, ಉಳಿದ ಇನ್ನೂರ ಎಂಬತ್ತು ನಿಜವಲ್ಲವೇ? ಆರ್ಗನ್ ಹೇಗೂ ಹೋಗುತ್ತಿತ್ತು. ಏನಿಲ್ಲ, ಸುಮ್ಮನೆ ಬಂದೆ ಎಂದು ತೊದಲಿ ಹೊರಗೆ ಬಂದ. ಆರ್ಗನ್ ಆಗಲೇ ಲಾರಿ ಹತ್ತಿತ್ತು. ಅವನು ಕೈಕಟ್ಟಿ ನಿಂತು ನೋಡಿದ. ಲಾರಿ ಹೊರಟು ತಿರುವಿನಲ್ಲಿ ಮರೆಯಾಯಿತು.

ಅಲೀಡಾ ಮೆಟ್ಟಿಲ ಮೇಲೆ ಕೂತಿದ್ದರು. ಅವನನ್ನು ಕಂಡು ಮುಖ ಅತ್ತ ತಿರುಗಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರಿಗೆ ಗೊತ್ತಾಗಿಹೋಗಿದೆ ಎಂದುಕೊಂಡ ಹ್ಯೂಬರ್ಟ್. ಇನ್ನು ಹೇಳಿದರೆ ಯಾರಿಗೂ ನಷ್ಟವಿಲ್ಲ, ತನ್ನ ಎದೆಯ ಭಾರವಾದರೂ ಇಳಿದೀತು. ಪಕ್ಕದಲ್ಲಿ ಕೂತು, ಜೇಬಿನ ಹಾಳೆ ತೆಗೆದು ಅವರ ಮಡಿಲಲ್ಲಿಟ್ಟ.

"ನಾನು ತಟ್ಟಿದ್ದು ಇದೊಂದೇ ಬಾಗಿಲು," ಎಂದ. "ಮಿಕ್ಕಿದ್ದೆಲ್ಲ ಮನೇಲಿ ಕೂತು ನಾನೇ ಗೀಚಿದ್ದು. ಆರ್ಗನ್ ಹೇಗೂ ಹೋಗ್ತಿತ್ತು, ನೀವೆಲ್ಲ ತಂದಿದ್ರಲ್ಲೂ ಅದೇ ಇತ್ತಲ್ಲ. ಆದ್ರೂ ಮೋಸ ಮೋಸವೇ. ಕ್ಷಮಿಸ್ಬಿಡಿ."

ಅಲೀಡಾ ನೋರೀನಳ ಬರಹವನ್ನು ಎರಡು ಸಲ ಓದಿದರು. ಅಭ್ಯಾಸಬಲದಿಂದ ಚೀಲಕ್ಕೆ ಕೈಹಾಕಿ ಪೆಪ್ಪರ್‌ಮೆಂಟಿನ ಸುರುಳಿ ತೆಗೆದರು. ಬಿಚ್ಚದೆ ಹಾಗೇ ಹಾಳೆಯ ಮೇಲಿಟ್ಟರು.

"ನಾವು ಏಳೂ ಜನ ಒಂದು ಬಾಗಿಲೂ ತಟ್ಲಿಲ್ಲ, ಹ್ಯೂಬರ್ಟ್," ಎಂದರು. "ಸಭೇಲಿ ಪಾಸ್ಟರ್ ನಿನ್ನ ಹಾಳೆ ಓದಿದ್ರಲ್ಲ, ನಮ್ಮನೇಲಿ ಕೂತು ಅದನ್ನೇ ನೆನಪು ಮಾಡ್ಕೊಂಡು ಬರೆದ್ವಿ. ನೀನೊಬ್ಬನಾದ್ರೂ ನಿಜವಾಗಿ ಕೇಳ್ಕೊಂಡು ಬಂದಿದ್ದೀಯಲ್ಲ ಅಂತ."