ಬಿಲಕ್ಕೆ ಒಯ್ದ ಕಲ್ಲು

ರಾತ್ರಿ ಯಾವ ಗಾಡಿ ಗುದ್ದಿತ್ತೋ, ಶಿಡ್ಲಘಟ್ಟದ ರಸ್ತೆಯಂಚಿನಲ್ಲಿ ಹೆಣ್ಣು ನರಿಯೊಂದು ಸತ್ತು ಬಿದ್ದಿತ್ತು. ಮೊಲೆಗಳು ಹಾಲು ತುಂಬಿ ಬಿಗಿದುಕೊಂಡೇ ಇದ್ದವು. ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೊರಟಿದ್ದ ಮುನಿಶಾಮಪ್ಪ ಕುಡುಗೋಲಿನ ತುದಿಯಿಂದ ಅದನ್ನು ಚರಂಡಿಗೆ ತಳ್ಳಿದ. ಹಿಂದೆ ಬರುತ್ತಿದ್ದ ಮಗ ಮುರಳಿಮೋಹನ್ ಬಗ್ಗಿ ನೋಡಲು ಹೋದಾಗ ತೋಳು ಹಿಡಿದು ನಿಲ್ಲಿಸಿದ.

"ಮುಟ್ಟಬೇಡಪ್ಪ. ಹುಳುಮನೆಗೆ ಹೋಗೋ ಕೈ ಅದು."

"ನಮ್ಮ ಬದುವಿನ ನರಿ ಇದು. ಬಿಲದಲ್ಲಿ ಮೂರು ಮರಿ ಅವೆ."

"ಇದ್ದು ಏನು ಮಾಡ್ತವೆ? ತಾಯಿನೇ ಹೋದ್ಮೇಲೆ ಹಸಿದು ಹಸಿದು ಸಾಯ್ತವೆ. ನರಳಿಸಬಾರದು. ಸಾಯಂಕಾಲ ಬಿಲದ ಬಾಯಿಗೆ ಒಂದು ಕಲ್ಲು ಇಟ್ಟುಬಿಡ್ತೀನಿ."

"ಗಂಡು ಇದೆಯಲ್ಲ?"

ಮುನಿಶಾಮಪ್ಪನಿಗೆ ನಗು ಬಂತು. "ಗಂಡು! ಅದು ಇಷ್ಟೊತ್ತಿಗೆ ಅಂಬಾಜಿದುರ್ಗದ ಬೆಟ್ಟ ದಾಟಿರುತ್ತೆ. ಯಾವ ಗಂಡು ಕಣೋ ಮರಿ ಸಾಕಿರೋದು?"

ಮುರಳಿ ನಗಲಿಲ್ಲ. ಅವನ ಹೆಂಡತಿ ರೂಪ ಚಿಂತಾಮಣಿಯ ತವರಿನಲ್ಲಿ ದಿನ ತುಂಬುವ ಮೊದಲೇ ಹೆತ್ತು ಅವತ್ತಿಗೆ ಆರು ದಿನ. ಅಂಗೈಯಷ್ಟಿದ್ದ ಗಂಡುಮಗು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಅದರ ಮುಖವನ್ನು ಅವನು ಕಂಡಿದ್ದು ಫೋನಿನಲ್ಲಿ ಮಾತ್ರ. ಇತ್ತ ಹುಳುಮನೆಯಲ್ಲಿ ರೇಷ್ಮೆಹುಳ ಕೊನೆಯ ಪೊರೆ ಕಳಚಿ, ಹಣ್ಣಾಗಿ ಗೂಡು ಕಟ್ಟುವುದಕ್ಕೆ ಇನ್ನು ಮೂರೇ ದಿನ. ಹೆರಿಗೆಯಾದ ಮನೆಯ ಪುರುಡು ಮುಟ್ಟಿ ಬಂದವರು ಹುಳುಮನೆಯ ಹೊಸಲು ತುಳಿದರೆ ಹುಳಕ್ಕೆ ರೋಗ ಬೀಳುತ್ತದೆ, ತಟ್ಟೆ ತಟ್ಟೆಯೇ ಕೊಳೆತು ಹೋಗುತ್ತದೆ. ಮುನಿಶಾಮಪ್ಪನ ಅಪ್ಪನ ಕಾಲದಿಂದ ನಡೆದು ಬಂದ ಕಟ್ಟಳೆ ಇದು. ಮಗುವನ್ನು ನೋಡದೆ ಮುಟ್ಟದೆ ಇದ್ದವರಿಗೆ ಮೈಲಿಗೆಯಿಲ್ಲ. ಅವರು ಹುಳಕ್ಕೆ ಸೊಪ್ಪು ಹಾಕಬಹುದು.

ಮಧ್ಯಾಹ್ನ ಊಟಕ್ಕೆ ಕೂತಾಗ ಮುರಳಿ ಮುದ್ದೆ ಮುರಿಯದೆ ಹೇಳಿದ. "ಅಪ್ಪ, ನಾನು ಹೋಗಿ ಬರ್ತೀನಿ. ಮಗೂನ ಬರಿಮೈಯಲ್ಲಿ ಎದೆಗೆ ಒತ್ತಿಟ್ಕೊಂಡು ಕೂತಿರಬೇಕಂತೆ, ಶಾಖಕ್ಕೆ. ರೂಪಂಗೆ ಮೈ ಸುಡ್ತಾ ಇದೆ, ಕೂರಕ್ಕೇ ಆಗ್ತಿಲ್ಲ. ಅವರಮ್ಮಂಗೆ ಕೈ ನಡುಗುತ್ತೆ. ಅಪ್ಪ ಆದರೂ ಆಗುತ್ತೆ, ಬರಕ್ಕೆ ಹೇಳಿ ಅಂದ್ರಂತೆ ನರ್ಸಮ್ಮ."

"ಗಂಡಸಿನ ಎದೇಲಿ ಏನೋ ಶಾಖ? ಹೋಗಿ ಹಾಲು ಕೊಡ್ತೀಯಾ ನೀನು? ಡಾಕ್ಟ್ರಿದ್ದಾರೆ, ದೇವರಿದ್ದಾನೆ. ಮೂರು ದಿನ ತಡಿ. ಹುಳ ಗೂಡು ಕಟ್ಟಲಿ, ನಾಮಕರಣಕ್ಕೆ ಜಮ್ ಅಂತ ಹೋಗಣ."

ಸಾರು ಬಡಿಸುತ್ತಿದ್ದ ಲಕ್ಷ್ಮಿದೇವಮ್ಮ ತಲೆ ಎತ್ತದೆ ಗಂಡನಿಗೆ ಹೇಳಿದಳು. "ನಮ್ಮ ಮೊದಲನೇದು ಹೋದಾಗಲೂ ಹುಳ ಹಿಂಗೇ ಹಣ್ಣಾಗಕ್ಕೆ ಬಂದಿತ್ತು. ಆ ಸಲ ಗೂಡು ಬಲು ಚೆನ್ನಾಗಿ ಬಂತು."

ಮುನಿಶಾಮಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಮೂವತ್ತೆರಡು ವರ್ಷದಲ್ಲಿ ಅವಳು ಆ ಮಾತು ಎತ್ತಿದ್ದು ಇದೇ ಮೊದಲು. ಹೆಣ್ಣುಮಗು, ತಲೆ ತುಂಬ ಕೂದಲಿತ್ತು ಎಂದು ಯಾರೋ ಹೇಳಿದ್ದರು. ಅವನು ನೋಡಿರಲಿಲ್ಲ. ನೀರು ಕುಡಿದು ಎದ್ದುಬಿಟ್ಟ.

ಹೊತ್ತು ಇಳಿಯುವಾಗ ಎರಡು ಕೈಯಲ್ಲೂ ಹಿಡಿಯುವಂಥ ಕಲ್ಲೊಂದನ್ನು ಎತ್ತಿಕೊಂಡು, ದೇವರ ಹೆಸರು ಹೇಳುತ್ತ ಬದುವಿನ ಕಡೆ ನಡೆದ. ಬಿಲಕ್ಕೆ ಹತ್ತು ಹೆಜ್ಜೆ ಇರುವಾಗ ಎದುರಿನ ಸೊಪ್ಪಿನ ಸಾಲಿನಿಂದ ಬಡಕಲು ನರಿಯೊಂದು ಹೊರಗೆ ಬಂತು. ಗಂಡು ನರಿ. ಬಾಯಲ್ಲಿ ಹೆಗ್ಗಣ ನೇತಾಡುತ್ತಿತ್ತು. ಅವನನ್ನು ನೋಡಿ ಅದರ ಮೈಕೂದಲೆಲ್ಲ ನಿಮಿರಿತು. ಆದರೂ ಓಡಲಿಲ್ಲ. ಅವನ ಮೇಲಿನ ಕಣ್ಣು ಕದಲಿಸದೆ, ಬಿಲದ ಬಾಯಿಗೆ ಬಂದು ಹೆಗ್ಗಣ ಕೆಳಗಿಟ್ಟು ಸಣ್ಣಗೆ ಕೂಗಿತು.

ಮೂರು ಮರಿಗಳೂ ಉರುಳಿಕೊಂಡು ಬಂದವು. ಎರಡು ಹೆಗ್ಗಣಕ್ಕೆ ಬಾಯಿ ಹಾಕಿದವು. ಎಲ್ಲಕ್ಕಿಂತ ಸಣ್ಣದು ಗಂಡಿನ ಹೊಟ್ಟೆಯಡಿ ನುಗ್ಗಿ ಮೊಲೆ ಹುಡುಕತೊಡಗಿತು. ಇಲ್ಲದ ಹಾಲಿಗೆ ಮೂತಿಯಿಂದ ಗುದ್ದಿ ಗುದ್ದಿ ನೋಡಿತು. ನರಿ ಸರಿಯಲಿಲ್ಲ, ಗದರಲಿಲ್ಲ. ಮೆಲ್ಲಗೆ ಅಲ್ಲೇ ಮಲಗಿ ಮರಿಯ ಸುತ್ತ ಮೈ ಬಳಸಿಕೊಂಡಿತು. ಹುಡುಕಿ ಸಾಕಾದ ಮರಿ ಅದರ ಎದೆಗೆ ಒತ್ತಿಕೊಂಡು ಸುಮ್ಮನಾಯಿತು.

ಮುನಿಶಾಮಪ್ಪ ಕಲ್ಲನ್ನು ಸದ್ದಾಗದಂತೆ ನೆಲಕ್ಕಿಟ್ಟ. ನಾಲ್ಕು ಹೆಜ್ಜೆ ಹಿಂದಕ್ಕೆ ನಡೆದ. ಆಮೇಲೆ, ಆ ವಯಸ್ಸಿನಲ್ಲಿ, ಪಂಚೆ ಎತ್ತಿ ಕಟ್ಟಿ ಓಡಿದ.

ಹುಳುಮನೆಯ ಬಾಗಿಲಲ್ಲಿ ಮುರಳಿ ಹೆಗಲ ಮೇಲೆ ಸೊಪ್ಪಿನ ಹೊರೆ ಹೊತ್ತು ಕಾಲು ತೊಳೆಯುತ್ತಿದ್ದ.

"ಇಳಿಸೋ ಅದನ್ನ," ಮುನಿಶಾಮಪ್ಪ ಏದುಸಿರು ಬಿಡುತ್ತ ಹೇಳಿದ. "ಹೊರಡು. ಆರು ಗಂಟೆ ಬಸ್ಸು ಇನ್ನೂ ಬಂದಿಲ್ಲ. ಹುಳ ನಾನು ನೋಡ್ಕೋತೀನಿ. ಕೊಳೆತರೆ ಕೊಳೀಲಿ. ಹೋಗಿ ಮಗೂನ ಎದೆಗಿಟ್ಕೋ."

ಮುರಳಿ ಇನ್ನೊಂದು ಕಾಲನ್ನೂ ತೊಳೆದ. ಬಾಗಿಲಿಗೆ ಅಡ್ಡ ಎಳೆದಿದ್ದ ಸುಣ್ಣದ ಪುಡಿಯ ಗೆರೆ ದಾಟಿ ಒಳಗೆ ಹೆಜ್ಜೆಯಿಟ್ಟ.

"ನಾಕು ಗಂಟೆಗೆ ಫೋನ್ ಬಂತಪ್ಪ. ಹೋಯ್ತಂತೆ."

ಒಳಗಿನ ಕತ್ತಲಲ್ಲಿ ಅವನು ಹೊರೆ ಇಳಿಸಿದ ಸದ್ದಾಯಿತು. ಮುನಿಶಾಮಪ್ಪ ಸುಣ್ಣದ ಗೆರೆಯ ಈಚೆಗೆ ನಿಂತೇ ಇದ್ದ. ಒಳಗಿಂದ ಮಗನ ದನಿ ಕೇಳಿಸಿತು. ಅದರಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ.

"ಯಾಕೆ ಹೊರಗೇ ನಿಂತ್ಕೊಂಡೆ? ಒಳಗೆ ಬಾ ಅಪ್ಪ, ಸೊಪ್ಪು ಹಾಕಣ. ನಾವು ನೋಡೂ ಇಲ್ಲ, ಮುಟ್ಟೂ ಇಲ್ಲ. ನಮಗೆಲ್ಲಿ ಮೈಲಿಗೆ?"